ಅಕ್ಯುಪಂಕ್ಚರ್ ಮಾಡಿಸಿಕೊಂಡ ಮೇಲೆ ಟಿಪ್ಸ್ ಕೊಡಬೇಕಾ?

ಸೊಂಟನೋವಿನ ಭಟ್ಟ

ಅಮೆರಿಕದಲ್ಲಿ ಇರುವವರು ಸ್ವಲ್ಪ ದಾರಿ ತೋರಿಸಿ. ಸೊಂಟನೋವಿಗೆ ಅಕ್ಯುಪಂಕ್ಚರ್ ಶುರು ಮಾಡಿದ್ದೀನಿ. ಮಾಡುವವರು ರಾಜ್ಯದ ಲೈಸೆನ್ಸ್ ಪಡೆದವರು, ಸ್ವಂತ ಕ್ಲಿನಿಕ್, ಒಂದು ಸಲಕ್ಕೆ 95 ಡಾಲರ್. ಅದರ ಬಗ್ಗೆ ತಕರಾರಿಲ್ಲ, ನೋವೂ ಇಳೀತಿದೆ. ತಕರಾರು ಇರೋದು ಕೌಂಟರ್‌ನಲ್ಲಿ. ಕಾರ್ಡ್ ಹಾಕಿದ ತಕ್ಷಣ ರಿಸೆಪ್ಷನ್ ಹುಡುಗಿ ಟ್ಯಾಬ್ಲೆಟ್ಟನ್ನ ನನ್ನ ಕಡೆ ತಿರುಗಿಸ್ತಾಳೆ. 18, 20, 25 ಪರ್ಸೆಂಟ್ ಅಂತ ಮೂರು ದೊಡ್ಡ ಬಟನ್, ಅದರ ಕೆಳಗೆ ಕನ್ನಡಕ ಹಾಕಿಕೊಂಡರೂ ಹುಡುಕಬೇಕಾದಷ್ಟು ಸಣ್ಣಗೆ ‘ಟಿಪ್ಸ್ ಬೇಡ’. ಸೂಜಿ ಹಾಕಿದ ಮೇಡಂ ಅಲ್ಲೇ ಹಿಂದೆ ನಿಂತು ಮುಂದಿನವರ ಫೈಲ್ ನೋಡ್ತಿರ್ತಾರೆ.

ರೆಸ್ಟೋರೆಂಟಲ್ಲಿ, ಕ್ಷೌರದಂಗಡಿಯಲ್ಲಿ ಕೊಡೋದು ಇಲ್ಲಿ ಅಭ್ಯಾಸ ಆಗಿಹೋಗಿದೆ. ಹಲ್ಲಿನ ಡಾಕ್ಟ್ರಿಗೆ ಯಾವತ್ತೂ ಕೊಟ್ಟಿಲ್ಲ. ಇವರು ಯಾವ ಸಾಲಿಗೆ ಸೇರ್ತಾರೆ? ಫಿಸಿಯೋಥೆರಪಿ, ಕೈರೋಪ್ರ್ಯಾಕ್ಟರ್ (ಬೆನ್ನುಮೂಳೆ, ಕೀಲು ಒತ್ತಿ ಸರಿಮಾಡೋರು), ಮಸಾಜ್, ಇವರದ್ದೆಲ್ಲ ಏನು ಕಥೆ?

ಮಳೆಗಾಲ

ಹಲ್ಲಿನ ಡಾಕ್ಟ್ರ ಸಾಲೇ ಭಟ್ರೇ. ಕೊಡೋದು ಬೇಡ. ಫಿಸಿಯೋ, ಕೈರೋಪ್ರ್ಯಾಕ್ಟರ್, ಕೌನ್ಸೆಲರ್, ಹಲ್ಲು ಶುಚಿ ಮಾಡುವವರು, ಕಣ್ಣು ಪರೀಕ್ಷೆ ಮಾಡುವವರು, ಯಾರಿಗೂ ಇಲ್ಲ. ಮಸಾಜ್ ಒಂದೇ ಎರಡು ದೋಣಿಯಲ್ಲಿ ಕಾಲಿಟ್ಟಿರೋದು. ಸ್ಪಾದಲ್ಲಿ ಮಾಡಿಸಿಕೊಂಡರೆ ಕೊಡ್ತಾರೆ, ಆಸ್ಪತ್ರೆಯಲ್ಲೋ ಫಿಸಿಯೋ ಕ್ಲಿನಿಕ್ಕಲ್ಲೋ ಆದರೆ ಕೊಡಲ್ಲ.

ಖಡಕ್ ಮಾತು

ಎಲ್ಲಾರೂ ಬ್ಯಾಡ ಬ್ಯಾಡ ಅಂತಾರ, ನಾ ಒಂದ್ ಮಾತ್ ಕೇಳ್ತೀನಿ. ನನ್ನ ರೊಕ್ಕ, ನನ್ನ ಖುಷಿ. ನನಗ ಭುಜಾ ಎತ್ತಾಕ ಬರ್ತಿರಲಿಲ್ಲ, ಈಗ ಅಂಗಿ ನಾನ ಹಾಕ್ಕೋತೀನಿ. ಅಂಥಾವ್ರಿಗೆ ಹತ್ತು ಡಾಲರ್ ಹೆಚ್ಚಿಗಿ ಕೊಟ್ರ ಆಕಾಶ ಏನ್ ಕಳಚಿ ಬೀಳತೈತೇನು? ಇನ್ನೊಂದು, ಕೊಟ್ಟವ್ರನ್ನ ಸ್ವಲ್ಪ ಛಲೋತ್ನಾಗಿ ನೋಡ್ಕೊಳ್ಳೂದು ಮನುಷ್ಯಾನ ಸ್ವಭಾವ. ಅದರಾಗ ತಪ್ಪೇನೈತಿ?

ಸೂಜಿಮಲ್ಲಿಗೆ

ನಾನು ಈ ಕೆಲಸದಲ್ಲೇ ಇರೋಳು, ಲೈಸೆನ್ಸ್ ಪಡೆದ ಅಕ್ಯುಪಂಕ್ಚರಿಸ್ಟ್. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಮೊದಲು ಆ ಟ್ಯಾಬ್ಲೆಟ್ ವಿಷಯ. ಕಾರ್ಡ್ ಪಾವತಿಯ ಸಾಫ್ಟ್‌ವೇರುಗಳನ್ನ ಕಾಫಿ ಅಂಗಡಿ, ಸಲೂನು, ಕ್ಲಿನಿಕ್ಕು ಎಲ್ಲರೂ ಬಳಸ್ತಾರೆ. ಟಿಪ್ಸ್ ಕೇಳೋದು ಅದರಲ್ಲಿ ಒಂದು ಸೆಟ್ಟಿಂಗ್ ಅಷ್ಟೇ. ಎಷ್ಟೋ ಕ್ಲಿನಿಕ್ಕುಗಳಲ್ಲಿ ಅದನ್ನ ಆಫ್ ಮಾಡೋ ಗೋಜಿಗೆ ಯಾರೂ ಹೋಗಿರಲ್ಲ. ಕೆಲವರು ಬೇಕೆಂದೇ ಇಟ್ಟಿರ್ತಾರೆ, ಇಲ್ಲ ಅನ್ನಲ್ಲ. ಎರಡರಲ್ಲಿ ಯಾವುದೇ ಆದರೂ ‘ಬೇಡ’ ಒತ್ತಿದವರನ್ನ ನಾವು ಜಿಪುಣ ಅಂದುಕೊಳ್ಳಲ್ಲ. ಹಿಂದೆ ನಿಂತು ಫೈಲ್ ನೋಡ್ತಿರೋ ಮೇಡಂ ನಿಜವಾಗಿಯೂ ಫೈಲನ್ನೇ ನೋಡ್ತಿರ್ತಾರೆ ಭಟ್ರೇ!

ಶುಲ್ಕ ನಿರ್ಧಾರ ಮಾಡಿದ್ದು ನಾವೇ. ಬಾಡಿಗೆ, ಇನ್ಶೂರೆನ್ಸ್, ಒಮ್ಮೆ ಬಳಸಿ ಬಿಸಾಡೋ ಸ್ಟೆರೈಲ್ ಸೂಜಿ, ಹಾಸಿಗೆ ಮೇಲಿನ ಕಾಗದ, ರಿಸೆಪ್ಷನ್ ಸಂಬಳ ಎಲ್ಲ ಸೇರಿಸಿ ಲೆಕ್ಕ ಹಾಕಿ ಆ 95 ಇಟ್ಟಿರ್ತೀವಿ. ಸಾಲದು ಅನ್ನಿಸಿದರೆ ಶುಲ್ಕ ಹೆಚ್ಚಿಸಬೇಕು, ನಿಮ್ಮ ದಾಕ್ಷಿಣ್ಯದ ಮೇಲೆ ಬಿಡಬಾರದು. ಮೂರು ನಾಲ್ಕು ವರ್ಷ ಮಾಸ್ಟರ್ಸ್ ಓದಿ, ಬೋರ್ಡ್ ಪರೀಕ್ಷೆ ಬರೆದು, ನಾಡಿ ನೋಡಿ, ನಾಲಿಗೆ ನೋಡಿ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ, ಬಸುರಿಯಾ, ಪೇಸ್‌ಮೇಕರ್ ಇದೆಯಾ ಅಂತೆಲ್ಲ ಕೇಳಿ ಆಮೇಲೆ ಸೂಜಿ ಎತ್ತಿಕೊಳ್ಳೋದು. ಇಪ್ಪತ್ತೋ ಮೂವತ್ತೋ ನಿಮಿಷ ಬಿಟ್ಟು ಒಂದೊಂದಾಗಿ ತೆಗೆದು ಎಣಿಸ್ತೀವಿ. ಹಾಕಿದ್ದೆಷ್ಟು, ತೆಗೆದಿದ್ದೆಷ್ಟು ತಾಳೆ ಆಗೋವರೆಗೂ ರೋಗಿಯನ್ನ ಏಳಿಸಲ್ಲ. ತಲೆಗೂದಲ ಒಳಗೆ ಒಂದು ಸೂಜಿ ಅಡಗಿ ಕೂತಿದ್ದರೆ ಎಷ್ಟು ತಡಕಾಡಬೇಕು ಅಂತ ಈ ಕೆಲಸ ಮಾಡಿದವರಿಗೇ ಗೊತ್ತು. ಇಷ್ಟೆಲ್ಲ ಆದಮೇಲೆ ಹೊರಗಡೆ ಬಂದು 18 ಪರ್ಸೆಂಟಾ 20 ಪರ್ಸೆಂಟಾ ಅಂತ ನನಗೆ ಅಂಕ ಹಾಕಿದರೆ, ಸತ್ಯ ಹೇಳ್ತೀನಿ, ಖುಷಿಗಿಂತ ಮುಜುಗರ ಜಾಸ್ತಿ.

ಖಡಕ್ ಮಾತು ಅಣ್ಣಾ, ನಿಮ್ಮ ಕೊನೇ ಮಾತಿಗೆ ಬರ್ತೀನಿ. ಕೊಟ್ಟವರನ್ನ ಚೆನ್ನಾಗಿ ನೋಡ್ಕೊಳ್ಳೋದು ಸ್ವಭಾವ ಅಂದ್ರಲ್ಲ, ಕೊಡಬಾರದು ಅನ್ನೋದಕ್ಕೆ ಕಾರಣವೇ ಅದು. ನೀವು ಕೊಟ್ಟಿರಿ, ನಿಮ್ಮ ನಂತರ ಬಂದ ಅಜ್ಜಿ ಕೊಡಲಿಲ್ಲ. ನಿಮಗೆ ಐದು ನಿಮಿಷ ಜಾಸ್ತಿ, ಅಜ್ಜಿಗೆ ಐದು ನಿಮಿಷ ಕಮ್ಮಿ ಅಂತ ನನ್ನ ಮನಸ್ಸು ನನಗೇ ಗೊತ್ತಿಲ್ಲದೆ ಲೆಕ್ಕ ಹಾಕಿದರೆ? ಶನಿವಾರ ಬೆಳಗ್ಗೆ ಒಂದೇ ಸ್ಲಾಟ್ ಉಳಿದಿದೆ, ಯಾರಿಗೆ ಫೋನ್ ಮಾಡ್ತೀನಿ? ಊಟ ಬಡಿಸೋದರಲ್ಲಿ ಈ ವ್ಯತ್ಯಾಸ ಆದರೆ ಹೆಚ್ಚೆಂದರೆ ಸಾರು ತಣ್ಣಗಿರುತ್ತೆ. ಚಿಕಿತ್ಸೆಯಲ್ಲಿ ಆದರೆ ಅಜ್ಜಿಯ ನೋವು ಉಳಿದುಬಿಡುತ್ತೆ.

ಖಡಕ್ ಮಾತು

ಅಜ್ಜಿ ಮಾತ್ ಬಂದ್ ಕೂಡ್ಲೆ ನನ್ನ ಬಾಯಿ ಬಂದ್ ಮಾಡಿದ್ರಲ್ಲ ಅಕ್ಕಾರ. ಹೋಗ್ಲಿ, ರೊಕ್ಕ ಬ್ಯಾಡ. ಮತ್ತ ಉಪಕಾರ ತೀರ್ಸೂದು ಹೆಂಗ?

ಸೂಜಿಮಲ್ಲಿಗೆ

ಟೈಮಿಗೆ ಸರಿಯಾಗಿ ಬನ್ನಿ. ಬರಕ್ಕಾಗಲ್ಲ ಅಂದ್ರೆ ಹಿಂದಿನ ದಿನವೇ ಹೇಳಿ, ಕೊನೇ ಗಳಿಗೆಯಲ್ಲಿ ಕೈಕೊಟ್ಟ ಒಂದು ಅಪಾಯಿಂಟ್ಮೆಂಟು ನಿಮ್ಮ ಹತ್ತು ಡಾಲರ್ ಟಿಪ್ಸಿಗಿಂತ ಎಷ್ಟೋ ಪಟ್ಟು ನಷ್ಟ. ಹೋದ ಸಲ ಆದಮೇಲೆ ಹೇಗಿತ್ತು, ಎಷ್ಟು ದಿನ ನೋವಿರಲಿಲ್ಲ, ಮತ್ತೆ ಯಾವಾಗ ಶುರುವಾಯ್ತು ಅಂತ ನೆನಪಿಟ್ಟು ಹೇಳಿ. ಗುಣ ಕಾಣದಿದ್ದರೆ ಅದನ್ನೂ ಹೇಳಿ, ಮುಖ ನೋಡಿಕೊಂಡು ‘ಪರವಾಗಿಲ್ಲ’ ಅನ್ನಬೇಡಿ. ನಿಮಗೆ ಪರಿಚಯದವರಿಗೆ ಇಂಥ ಕಡೆ ಹೋಗಿ ಅಂತ ಹೇಳಿದರೆ ಅದಕ್ಕಿಂತ ದೊಡ್ಡ ಟಿಪ್ಸ್ ಇಲ್ಲ. ಒಂದು ಕಾಗದದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ನಾನಂತೂ ಎತ್ತಿಟ್ಟುಕೊಳ್ತೀನಿ.

ಲೆಕ್ಕದ ಕಾಗದ

ನನ್ನ ಕೆಲಸ ತೆರಿಗೆ, ಆ ಕಡೆಯಿಂದ ಒಂದೆರಡು ಮಾತು. ಅಕ್ಯುಪಂಕ್ಚರಿಗೆ ಕೊಟ್ಟ ಹಣವನ್ನ ವೈದ್ಯಕೀಯ ವೆಚ್ಚ ಅಂತ ಇಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಒಪ್ಪುತ್ತೆ, ಅವರ ಪಬ್ಲಿಕೇಶನ್ 502ರಲ್ಲಿ ಹೆಸರು ಹಿಡಿದೇ ಬರೆದಿದೆ. ಅದಕ್ಕೇ ಎಚ್‌ಎಸ್‌ಎ, ಎಫ್‌ಎಸ್‌ಎ (ಚಿಕಿತ್ಸೆಯ ಖರ್ಚಿಗೆ ಅಂತ ತೆರಿಗೆ ಇಲ್ಲದೆ ದುಡ್ಡು ಎತ್ತಿಡೋ ಖಾತೆಗಳು) ಕಾರ್ಡಲ್ಲಿ ಕೊಡಬಹುದು. ಆದರೆ ಅದೇ ಕಾರ್ಡ್ ಹಾಕಿ 20 ಪರ್ಸೆಂಟ್ ಬಟನ್ ಒತ್ತಬೇಡಿ. 95ಕ್ಕೆ 19 ಸೇರಿ 114 ಹೋಗುತ್ತೆ, ರಸೀದಿ ಇರೋದು 95ಕ್ಕೆ. ಖುಷಿಗೆ ಕೊಟ್ಟ 19 ಡಾಲರು ಚಿಕಿತ್ಸೆಯ ವೆಚ್ಚ ಅಲ್ಲ. ಕೊಡಲೇಬೇಕು ಅನ್ನಿಸಿದರೆ ಬೇರೆ ಕಾರ್ಡು ಅಥವಾ ನಗದು.

ಇನ್ನೊಂದು ಸ್ವಾರಸ್ಯ ಇದೆ. 2025ರಲ್ಲಿ ಬಂದ ಹೊಸ ತೆರಿಗೆ ಕಾನೂನಲ್ಲಿ ಟಿಪ್ಸ್ ಆದಾಯಕ್ಕೆ ವರ್ಷಕ್ಕೆ 25,000 ಡಾಲರ್‌ವರೆಗೆ ತೆರಿಗೆ ಲೆಕ್ಕದಿಂದ ವಿನಾಯಿತಿ ಕೊಟ್ಟಿದ್ದಾರೆ, 2025ರಿಂದ 2028ರವರೆಗೆ. ಆದರೆ ಆರೋಗ್ಯ ಸೇವೆ, ವಕೀಲಿಕೆ, ಲೆಕ್ಕಪತ್ರದಂಥ ವೃತ್ತಿಗಳನ್ನ ಹೊರಗಿಟ್ಟಿದ್ದಾರೆ. ಅಂದರೆ ನನಗೂ ಇಲ್ಲ, ಡಾಕ್ಟ್ರಿಗೂ ಇಲ್ಲ. ಮೊದಲಿಂದಲೂ ಟಿಪ್ಸ್ ವಾಡಿಕೆ ಇರೋ ಕೆಲಸಗಳಿಗೆ ಮಾತ್ರ ಅನ್ನೋದೂ ಅದರಲ್ಲಿದೆ. ಚಿಕಿತ್ಸೆ ಮತ್ತು ಟಿಪ್ಸ್ ಒಂದೇ ಜಾತಿ ಅಲ್ಲ ಅನ್ನೋದನ್ನ ಕಾನೂನು ಬರೆದವರೇ ಒಪ್ಪಿಕೊಂಡ ಹಾಗಾಯ್ತು.

ತಂಗಾಳಿ

ನಮ್ಮಪ್ಪನಿಗೆ ಮೆಡಿಕೇರಲ್ಲಿ (ವಯಸ್ಸಾದವರಿಗೆ ಸರ್ಕಾರ ಕೊಡೋ ಆರೋಗ್ಯ ವಿಮೆ) ಅಕ್ಯುಪಂಕ್ಚರ್ ಮಾಡಿಸ್ತಿದ್ದೀವಿ. ಬಿಲ್ಲಲ್ಲಿ ‘ರೋಗಿಯ ಪಾಲು 20 ಪರ್ಸೆಂಟ್’ ಅಂತ ಬಂತು. ಟಿಪ್ಸನ್ನ ಅವರೇ ಸೇರಿಸಿಬಿಟ್ಟಿದ್ದಾರೆ ಅಂತ ಅಪ್ಪ ಕೂಗಾಡ್ತಿದ್ದಾರೆ 😄

ಲೆಕ್ಕದ ಕಾಗದ

ಅದು ಟಿಪ್ಸ್ ಅಲ್ಲ ಅಂತ ಅಪ್ಪನಿಗೆ ಹೇಳಿ. ಮೆಡಿಕೇರಿನ ಪಾರ್ಟ್ ಬಿ ಭಾಗದ ಡಿಡಕ್ಟಿಬಲ್, ಅಂದರೆ ವರ್ಷದಲ್ಲಿ ಮೊದಲು ರೋಗಿಯೇ ಪೂರ್ತಿ ಕೊಡಬೇಕಾದ ಮೊತ್ತ, ಮುಗಿದ ಮೇಲೆ ರೋಗಿ ಕೊಡಬೇಕಾದ ಪಾಲು. 2020ರ ಜನವರಿಯಿಂದ ಮೆಡಿಕೇರ್ ಅಕ್ಯುಪಂಕ್ಚರಿಗೆ ಹಣ ಕೊಡ್ತಿದೆ, ಅದೂ 12 ವಾರಕ್ಕೂ ಹೆಚ್ಚು ಕಾಲದ ಸೊಂಟನೋವಿಗೆ ಮಾತ್ರ. 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ 8, ವರ್ಷಕ್ಕೆ 20 ದಾಟುವ ಹಾಗಿಲ್ಲ. ಅಕ್ಯುಪಂಕ್ಚರಿಸ್ಟ್ ನೇರವಾಗಿ ಮೆಡಿಕೇರಿಗೆ ಬಿಲ್ ಕಳಿಸೋಕೂ ಬರಲ್ಲ, ಡಾಕ್ಟ್ರ ಮೂಲಕವೇ ಹೋಗಬೇಕು. ಇಷ್ಟು ಬಿಗಿಯಾಗಿ ಲೆಕ್ಕ ನಡೆಯೋ ಜಾಗದಲ್ಲಿ ಮೇಲೊಂದಿಷ್ಟು ತುರುಕಿದರೆ ಅವರಿಗೇ ತಲೆನೋವು.

ಅಂಗೈ ಬಿಸಿ

ಮಸಾಜ್ ವಿಷಯ ಮಳೆಗಾಲ ಅವರು ಒಂದೇ ಸಾಲಲ್ಲಿ ಮುಗಿಸಿದರು. ನಾನು ಎರಡೂ ಕಡೆ ದುಡಿದವಳು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಸ್ಪಾದಲ್ಲಿ ನೀವು ಕೊಡೋ ಹಣ ಸ್ಪಾ ಮಾಲೀಕರಿಗೆ ಹೋಗುತ್ತೆ. ಅದರಲ್ಲಿ ನಮಗೆ ಒಂದು ಪಾಲು, ಅಥವಾ ಗಂಟೆ ಲೆಕ್ಕ. ಗಿರಾಕಿ ಬರದ ಗಂಟೆಗೆ ಕೆಲವು ಕಡೆ ಏನೂ ಇಲ್ಲ, ಕೆಲವು ಕಡೆ ಕನಿಷ್ಠ ಕೂಲಿ. ಟಿಪ್ಸ್ ಬರುತ್ತೆ ಅನ್ನೋ ಲೆಕ್ಕದ ಮೇಲೇ ಆ ಪಾಲನ್ನ ಕಮ್ಮಿ ಇಟ್ಟಿರ್ತಾರೆ. ಅಲ್ಲಿ 15ರಿಂದ 20 ಪರ್ಸೆಂಟ್ ಅನ್ನೋದು ವಾಡಿಕೆ, ಕೊಡದಿದ್ದರೆ ನಮಗೆ ಹೊಡೆತ ಬೀಳೋದು ನಿಜ. ಕೂಪನ್ ಹಾಕಿ ಅರ್ಧ ಬೆಲೆಗೆ ಮಾಡಿಸಿಕೊಂಡರೂ ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕಿ, ಕೈ ಅಷ್ಟೇ ಹೊತ್ತು ದುಡಿದಿರುತ್ತೆ. ದೊಡ್ಡ ಹೋಟೆಲ್ ಸ್ಪಾಗಳಲ್ಲಿ ಬಿಲ್ಲಲ್ಲೇ ಸರ್ವಿಸ್ ಚಾರ್ಜ್ ಸೇರಿಸಿರ್ತಾರೆ, ಅದನ್ನ ನೋಡಿಕೊಂಡು ಆಮೇಲೆ ಕೊಡಿ. ಅದು ಪೂರ್ತಿ ನಮ್ಮ ಕೈಗೆ ಬರುತ್ತಾ ಅಂತ ಕೇಳಿದರೂ ತಪ್ಪಿಲ್ಲ.

ಈಗ ಫಿಸಿಯೋ ಕ್ಲಿನಿಕ್ಕಲ್ಲಿದ್ದೀನಿ. ಅದೇ ಕೈ, ಅದೇ ಭುಜ, ಅದೇ ಎಣ್ಣೆ. ಇಲ್ಲಿ ಸಂಬಳ ಸರಿಯಾಗಿದೆ, ಡಾಕ್ಟ್ರ ಚೀಟಿ ಮೇಲೆ ಬರ್ತಾರೆ, ಚಾರ್ಟ್ ಬರೀತೀನಿ. ಟಿಪ್ಸ್ ತಗೊಳ್ಳೋ ಹಾಗಿಲ್ಲ ಅಂತ ಕೆಲಸಕ್ಕೆ ಸೇರಿದ ದಿನವೇ ಹೇಳಿದರು. ಹಾಗಾಗಿ ಯಾವ ಚಿಕಿತ್ಸೆ ಅನ್ನೋದಕ್ಕಿಂತ, ಮಾಡಿದವರ ಕೂಲಿ ಹೇಗೆ ನಿಗದಿಯಾಗುತ್ತೆ ಅನ್ನೋದನ್ನ ನೋಡಿ. ಸ್ವಂತ ಕೋಣೆ ಇಟ್ಟುಕೊಂಡು ತಾವೇ ಬೆಲೆ ಹಾಕೋ ಮಸಾಜಿನವರಿಗೂ ಕೊಡಲೇಬೇಕು ಅಂತಿಲ್ಲ. ಎಷ್ಟೋ ಜನ ‘ಟಿಪ್ಸ್ ಬೇಡ’ ಅಂತ ಬಾಗಿಲಲ್ಲೇ ಬರೆದಿರ್ತಾರೆ.

ಮಳೆಗಾಲ

ಹಾಗಾದರೆ ಸ್ಪಾ ಒಳಗೇ ಅಕ್ಯುಪಂಕ್ಚರಿಸ್ಟ್ ಇದ್ದರೆ? ಕೆಲವು ಕಡೆ ಫೇಶಿಯಲ್ ಅಕ್ಯುಪಂಕ್ಚರ್ ಅಂತ ಮುಖದ ಸುಕ್ಕಿಗೆ ಮಾಡ್ತಾರಲ್ಲ.

ಸೂಜಿಮಲ್ಲಿಗೆ

ಅಲ್ಲಿ ಬುಕ್ ಮಾಡುವಾಗಲೇ ಫೋನಲ್ಲಿ ಕೇಳಿಬಿಡಿ, ‘ನಿಮ್ಮಲ್ಲಿ ಅಕ್ಯುಪಂಕ್ಚರಿಗೆ ಟಿಪ್ಸ್ ವಾಡಿಕೆ ಇದೆಯಾ’ ಅಂತ. ರಿಸೆಪ್ಷನ್‌ನವರು ದಿನಾ ಕೇಳಿಸಿಕೊಳ್ಳೋ ಪ್ರಶ್ನೆ ಅದು. ನನ್ನ ಗೆಳತಿ ಒಬ್ಬಳು ಅಂಥ ಜಾಗದಲ್ಲಿದ್ದಾಳೆ, ಪಕ್ಕದ ಕೋಣೆಯ ಮಸಾಜಿನವರ ಹಾಗೇ ಪಾಲಿನ ಮೇಲೆ ಕೆಲಸ. ಕೊಟ್ಟರೆ ತಗೋತಾಳೆ, ತಪ್ಪು ಅಂತ ನಾನು ಹೇಳಲ್ಲ.

ರಾತ್ರಿಪಾಳಿ

ಇಂಗ್ಲೆಂಡಿಂದ. ನಾನು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ನರ್ಸ್. ಇಲ್ಲಿ ಈ ಗೊಂದಲವೇ ಇಲ್ಲ, ನಿಯಮ ಬರೆದಿಟ್ಟಿದ್ದಾರೆ. ಎನ್‌ಎಚ್‌ಎಸ್ ಇಂಗ್ಲೆಂಡಿನ 2017ರ ಮಾರ್ಗಸೂಚಿ ಪ್ರಕಾರ ನಗದು, ವೋಚರು ಕೊಟ್ಟರೆ ತಗೊಳ್ಳೋ ಹಾಗೇ ಇಲ್ಲ. ರೋಗಿಗಳು ಪ್ರೀತಿಯಿಂದ ಕೊಡೋ ಸಣ್ಣ ಉಡುಗೊರೆ 50 ಪೌಂಡ್ ಒಳಗಿದ್ದರೆ ತಗೋಬಹುದು, ದಾಟಿದರೆ ಸ್ವಂತಕ್ಕೆ ಇಟ್ಟುಕೊಳ್ಳೋ ಹಾಗಿಲ್ಲ, ಸಂಸ್ಥೆಯ ಪರವಾಗಿ ಮಾತ್ರ.

ಆದರೂ ವಾರ್ಡಲ್ಲಿ ಏನಾಗುತ್ತೆ ಗೊತ್ತಾ? ಡಿಸ್ಚಾರ್ಜ್ ಆಗೋ ತಾತ ಒಬ್ಬರು ಹತ್ತು ಪೌಂಡ್ ನೋಟನ್ನ ಎಂಟು ಮಡಿಕೆ ಮಾಡಿ ಕೈಕುಲುಕುವಾಗ ಅಂಗೈಯೊಳಗೆ ಒತ್ತಿಬಿಡ್ತಾರೆ. ಬೇಡ ಅಂದ್ರೆ ಮುಖ ಸಣ್ಣದಾಗುತ್ತೆ. ನಾವು ಮಾಡೋದು ಇಷ್ಟೇ: ‘ತಾತ, ಇದು ನನಗೆ ತಗೊಳ್ಳೋಕೆ ಬರಲ್ಲ, ಆಸ್ಪತ್ರೆಯ ಚಾರಿಟಿ ಡಬ್ಬಿಗೆ ನೀವೇ ಹಾಕ್ತೀರಾ?’ ಅಂತ ಅವರನ್ನ ಡಬ್ಬಿವರೆಗೂ ನಡೆಸಿಕೊಂಡು ಹೋಗ್ತೀವಿ. ಅವರ ಕೈಯಿಂದಲೇ ಬೀಳಲಿ ಅಂತ.

ಹಳೇ ಬ್ಯಾಡ್ಜ್

ನಾನು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ, ವಿಎ ಅಂತಾರಲ್ಲ, ಅಲ್ಲಿ. ನಮ್ಮಲ್ಲೂ ಅಕ್ಯುಪಂಕ್ಚರ್ ಇದೆ. ಕಿವಿಗೆ ಪುಟಾಣಿ ಸೂಜಿ ಹಾಕೋ ‘ಬ್ಯಾಟಲ್‌ಫೀಲ್ಡ್ ಅಕ್ಯುಪಂಕ್ಚರ್’ ಬಹಳ ಜನ ಮಾಡಿಸ್ಕೋತಾರೆ. ನಾವು ಕೇಂದ್ರ ಸರ್ಕಾರದ ನೌಕರರು, ಒಂದು ಸಲಕ್ಕೆ 20 ಡಾಲರ್ ಒಳಗಿನ ವಸ್ತು, ಒಬ್ಬರಿಂದ ವರ್ಷಕ್ಕೆ ಒಟ್ಟು 50 ಡಾಲರ್, ಅಷ್ಟರವರೆಗೆ ಉಡುಗೊರೆ ತಗೋಬಹುದು. ನಗದಿಗೆ ಆ ವಿನಾಯಿತಿ ಇಲ್ಲ. ಐದು ಡಾಲರ್ ನೋಟೂ ತಗೊಳ್ಳೋ ಹಾಗಿಲ್ಲ. ದಯವಿಟ್ಟು ನಮ್ಮನ್ನ ಪೇಚಿಗೆ ಸಿಕ್ಕಿಸಬೇಡಿ.

ಗಾಳಿಪಟ

ಅಕ್ಯುಪಂಕ್ಚರ್ ಹುಟ್ಟಿದ ಚೀನಾದ್ದೂ ಕೇಳಿ. ಅಲ್ಲಿ ಟಿಪ್ಸ್ ಪದ್ಧತಿ ಇಲ್ಲ, ಆದರೆ ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ಕೆಂಪು ಲಕೋಟೆಯಲ್ಲಿ ದುಡ್ಡು ಇಟ್ಟುಕೊಡೋ ಚಾಳಿ ಬೆಳೆದಿತ್ತು. ಕೊಡದಿದ್ದರೆ ಚಾಕು ಹಿಡಿದವರು ಏನು ಮಾಡ್ತಾರೋ ಅನ್ನೋ ಭಯ. ಕೊನೆಗೆ 2014ರಲ್ಲಿ ಸರ್ಕಾರವೇ ‘ಲಕೋಟೆ ಕೊಡಲ್ಲ, ತಗೊಳ್ಳಲ್ಲ’ ಅಂತ ರೋಗಿ ಮತ್ತು ಆಸ್ಪತ್ರೆಯವರ ನಡುವೆ ಸಹಿ ಹಾಕಿಸೋ ವ್ಯವಸ್ಥೆ ತಂತು. ಖುಷಿಗೆ ಅಂತ ಶುರುವಾದದ್ದು ಹೆದರಿ ಕೊಡೋವರೆಗೆ ಬೆಳೆಯುತ್ತೆ. ಟ್ಯಾಬ್ಲೆಟ್ ಮೇಲಿನ ಆ ಮೂರು ಬಟನ್ ನನಗೆ ಅದೇ ದಾರಿಯ ಮೊದಲ ಮೈಲಿಗಲ್ಲು ಅನ್ನಿಸುತ್ತೆ.

ಖಡಕ್ ಮಾತು

ಇದು ಅತಿ ಆತು ನೋಡ್ರಿ. ಟ್ಯಾಬ್ಲೆಟ್ಟಿಗೂ ಸರ್ಜನ್ ಲಕೋಟಿಗೂ ಎಲ್ಲಿಂದೆಲ್ಲಿಗೆ! ಮುಗದ ಮ್ಯಾಲ ಕೊಡೂದು ಬ್ಯಾರೆ, ಮುಂಚೆ ಕೊಡೂದು ಬ್ಯಾರೆ.

ರಾತ್ರಿಪಾಳಿ

ಒಂದೇ ಸಲದ ಚಿಕಿತ್ಸೆ ಆದರೆ ನಿಮ್ಮ ಮಾತು ಸರಿ. ವಾರವಾರ ಹೋಗೋ ಕಡೆ, ಈ ವಾರ ‘ಮುಗಿದ ಮೇಲೆ’ ಕೊಟ್ಟದ್ದೇ ಮುಂದಿನ ವಾರದ ‘ಮುಂಚೆ’ ಆಗುತ್ತಲ್ಲಾ.

ಖಡಕ್ ಮಾತು

ಹಂ. ಇದಕ್ಕ ಉತ್ತರ ಹೊಳೀವಲ್ದು.

ಮಳೆಗಾಲ

ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ನೀತಿಸಂಹಿತೆ ಸಹ ಉಡುಗೊರೆ ಪೂರ್ತಿ ಬೇಡ ಅನ್ನಲ್ಲ. ಕೃತಜ್ಞತೆಗೆ, ಸಂಪ್ರದಾಯಕ್ಕೆ ಕೊಡೋ ಸಣ್ಣ ಉಡುಗೊರೆಯಿಂದ ಸಂಬಂಧ ಗಟ್ಟಿಯಾಗಬಹುದು ಅಂತಲೇ ಒಪ್ಪುತ್ತೆ. ಆದರೆ ರೋಗಿಯ ಶಕ್ತಿಗೆ ಮೀರಿದ್ದನ್ನ ತಗೋಬಾರದು, ಉಡುಗೊರೆ ಬಂತು ಅಂತ ಚಿಕಿತ್ಸೆ ಬದಲಾಗಬಾರದು ಅನ್ನುತ್ತೆ. ಅದು ಎಂಡಿ ಡಾಕ್ಟ್ರುಗಳಿಗೆ ಬರೆದದ್ದು, ಸೂಜಿಯವರಿಗೂ ಹಾಗೇ ಹೊಂದುತ್ತೆ. ಹೂವು, ಹಬ್ಬಕ್ಕೊಂದು ಸಿಹಿ ಡಬ್ಬಿ ಇಡೀ ಸಿಬ್ಬಂದಿಗೆ ಅಂತ ಕೊಟ್ಟರೆ ಯಾರಿಗೂ ಇರುಸುಮುರುಸಿಲ್ಲ.

ಬೇವಿನ ಕಡ್ಡಿ

ನಾನು ಹೋಗೋದು ಕಮ್ಯೂನಿಟಿ ಅಕ್ಯುಪಂಕ್ಚರಿಗೆ. ಒಂದೇ ದೊಡ್ಡ ಕೋಣೆ, ಒರಗು ಕುರ್ಚಿಗಳಲ್ಲಿ ಎಲ್ಲರೂ ಸಾಲಾಗಿ ಕೂತಿರ್ತಾರೆ, ಪ್ಯಾಂಟ್ ಮಂಡಿವರೆಗೆ ಮಡಚಿ. ಪಕ್ಕದವರ ಗೊರಕೆ ಉಚಿತ. ಶುಲ್ಕ ಇಷ್ಟರಿಂದ ಇಷ್ಟು ಅಂತ ಒಂದು ಅಂತರ ಕೊಟ್ಟಿರ್ತಾರೆ, ಅದರೊಳಗೆ ಎಷ್ಟು ಆಗುತ್ತೋ ಅಷ್ಟು ಕೊಡಬೇಕು, ಸಂಬಳದ ಚೀಟಿ ಕೇಳಲ್ಲ. ಅಂಥ ಕಡೆ ಟಿಪ್ಸ್ ಹಾಕೋ ಯೋಚನೆ ಇದ್ದರೆ ಅದನ್ನ ಶುಲ್ಕದಲ್ಲೇ ಸೇರಿಸಿ ಮೇಲಿನ ತುದಿ ಕೊಡಿ. ಕಮ್ಮಿ ಕೊಡೋರ ಕುರ್ಚಿ ಉಳಿಯೋದು ಅದರಿಂದಲೇ.

ಅಕ್ಯುಪಂಕ್ಚರ್ ಕಾಲೇಜುಗಳ ವಿದ್ಯಾರ್ಥಿ ಕ್ಲಿನಿಕ್ಕಿಗೆ ಹೋಗೋರಿಗೂ ಒಂದು ಮಾತು: ಆ ಮಕ್ಕಳ ಕೈಗೆ ದುಡ್ಡು ಕೊಡಬೇಡಿ. ಅವರ ಮೇಲ್ವಿಚಾರಕರಿಗೆ ‘ಈ ಹುಡುಗ ಚೆನ್ನಾಗಿ ಮಾಡಿದ’ ಅಂತ ಅವನ ಹೆಸರು ಹೇಳಿ.

ತಂಗಾಳಿ

ಇನ್ನೊಂದು ಪ್ರಶ್ನೆ ಕೇಳಿಬಿಡ್ತೀನಿ. ಅಮ್ಮನ್ನ ನೋಡ್ಕೊಳ್ಳೋಕೆ ಏಜೆನ್ಸಿಯಿಂದ ಒಬ್ಬಾಕೆ ಮನೆಗೆ ಬರ್ತಾರೆ. ಸ್ನಾನ ಮಾಡಿಸಿ, ತಲೆ ಬಾಚಿ, ಮಾತ್ರೆ ಕೊಟ್ಟು, ಅಮ್ಮನ ಅದೇ ಹಳೇ ಕಥೆಗೆ ದಿನಾ ಹೊಸದಾಗಿ ನಗ್ತಾರೆ. ಅವರಿಗೆ ಸಿಗೋ ಸಂಬಳ ನೆನೆಸಿಕೊಂಡರೆ ಸಂಕಟ ಆಗುತ್ತೆ. ಅವರಿಗೂ ‘ಟಿಪ್ಸ್ ಬೇಡ’ ಅನ್ನೋದಾ?

ಅಂಗೈ ಬಿಸಿ

ಈ ಕಡೆ ಮನಸ್ಸು ಎಳೆಯೋದು ಸಹಜ, ಅವರ ಕೂಲಿ ನಿಜವಾಗಿಯೂ ಕಮ್ಮಿ. ಆದರೆ ಹೆಚ್ಚಿನ ಏಜೆನ್ಸಿಗಳು ನಗದು ತಗೊಂಡರೆ ಕೆಲಸದಿಂದ ತೆಗೀತೀವಿ ಅಂತ ಬರೆಸಿಕೊಂಡಿರ್ತಾವೆ. ವಯಸ್ಸಾದವರಿಂದ ಹಣ ಪೀಕಿದರು ಅನ್ನೋ ದೂರು ಬರಬಾರದು ಅಂತ. ನೀವು ಪ್ರೀತಿಯಿಂದ ಕೊಟ್ಟ ಐವತ್ತು ಡಾಲರ್ ಅವರ ಕೆಲಸಕ್ಕೇ ಕುತ್ತಾಗಬಹುದು. ಮೊದಲು ಏಜೆನ್ಸಿಗೆ ಫೋನ್ ಮಾಡಿ, ಹಬ್ಬಕ್ಕೆ, ವರ್ಷದ ಕೊನೆಗೆ ಏನಾದರೂ ಕೊಡಬಹುದಾ ಕೇಳಿ. ಹೂಂ ಅಂದರೆ ಏಜೆನ್ಸಿ ಮೂಲಕವೇ ಕೊಡಿ, ಅಮ್ಮನ ಕೈಯಿಂದ ಬೇಡ, ಮನೆಯವರು ಕೊಡಿ. ಅವರ ಬಗ್ಗೆ ಒಂದು ಒಳ್ಳೆ ಪತ್ರ ಏಜೆನ್ಸಿಗೆ ಬರೆದರೆ ಸಂಬಳ ಪರಿಷ್ಕರಣೆ ಸಮಯಕ್ಕೆ ಉಪಯೋಗಕ್ಕೆ ಬರುತ್ತೆ. ಏಜೆನ್ಸಿ ಇಲ್ಲದೆ ನೀವೇ ನೇಮಿಸಿಕೊಂಡವರಾದರೆ ಟಿಪ್ಸ್ ಮಾತೇ ಇಲ್ಲ, ಸಂಬಳ ಹೆಚ್ಚು ಮಾಡಿ.

ತಂಗಾಳಿ

ಪತ್ರದ ಯೋಚನೆ ಹೊಳೆದೇ ಇರಲಿಲ್ಲ ಅಕ್ಕಾ. ಈ ವಾರವೇ ಬರೀತೀನಿ.

ಬೇವಿನ ಕಡ್ಡಿ

ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗ್ತಾರಲ್ಲ ಲ್ಯಾಬಿನವರು, ಅವರಿಗೆ?

ರಾತ್ರಿಪಾಳಿ

ಅವರಿಗೂ ಬೇಡ. ತೋಳು ಸುಲಭವಾಗಿ ಮೇಲೆ ಸರಿಯೋ ಅಂಗಿ ಹಾಕಿಕೊಂಡಿರಿ, ಉಪವಾಸದ ಟೆಸ್ಟ್ ಆದರೂ ನೀರು ಕುಡಿಯಬಹುದು ಅಂದಿದ್ದರೆ ಚೆನ್ನಾಗಿ ಕುಡಿದಿರಿ, ನರ ಸಿಗುತ್ತೆ. ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಮೆಸೇಜ್ ಮಾಡಿ. ನಾಯಿ ಇದ್ದರೆ ಕಟ್ಟಿಹಾಕಿ, ‘ಏನೂ ಮಾಡಲ್ಲ ಬನ್ನಿ’ ಅನ್ನಬೇಡಿ.